ರೋಬೋಟ್ ಎಳೆಯುವುದು ಗಾಳಿಯನ್ನು

ದ್ರವ ಹೀರುವ ಪ್ಲಾಸ್ಟಿಕ್ ಮೂತಿ, ಅಂದರೆ ಟಿಪ್‌ನ ತುದಿಯಲ್ಲಿ ಹನಿಯೊಂದು ಮೂಡುತ್ತದೆ. ಒಟ್ಟಿಗೆ ಹೀರುವ ಎಂಟು ಚಾನೆಲ್‌ಗಳ ಪೈಕಿ ಮೂರನೆಯದರಲ್ಲಿ ಮೊದಲು, ಹಿಂದೆಯೇ ಉಳಿದವುಗಳಲ್ಲಿ. ಲ್ಯಾಬ್‌ನಲ್ಲಿ ದ್ರವ ಅಳೆದು ಹಂಚುವ ರೋಬೋಟ್‌ನ ತೋಳು ಎಥನಾಲ್ ತೊಟ್ಟಿಯಿಂದ ಪ್ಲೇಟಿನ ಕಡೆ ಹೊರಟಿದೆ. ದಾರಿ ಒಂದು ಮೊಳವೂ ಇಲ್ಲ. ಅಷ್ಟರೊಳಗೆ ಹನಿ ದಪ್ಪಗಾಗಿ, ತೂಗಿ, ಬೇರೆ ಯಾವುದೋ ಸ್ಯಾಂಪಲ್ ಇರುವ ವೆಲ್‌ಗೆ, ಅಂದರೆ ಪ್ಲೇಟಿನ ಕುಳಿಗೆ, ಬೀಳುತ್ತದೆ. ಯಂತ್ರಕ್ಕೆ ಇದರ ಸುಳಿವೇ ಇಲ್ಲ. ಲಾಗ್ ತೆಗೆದು ನೋಡಿದರೆ 150 ಮೈಕ್ರೋಲೀಟರ್ ಹೀರಿದೆ, 150 ಬಿಟ್ಟಿದೆ, ಎಲ್ಲ ಸರಿ.

ಮೋಟರ್ ಎಣಿಸಿದ ಹೆಜ್ಜೆ ನಿಜಕ್ಕೂ ಸರಿಯೇ. ಪಿಸ್ಟನ್ ಎಷ್ಟು ಸರಿಯಬೇಕಿತ್ತೋ ಅಷ್ಟೇ ಸರಿದಿದೆ. ಆದರೆ ಪಿಸ್ಟನ್ನಿಗೂ ದ್ರವಕ್ಕೂ ನಡುವೆ ಗಾಳಿಯ ಕಂಬವೊಂದಿದೆ, ಪಿಸ್ಟನ್ ಎಳೆಯುವುದು ಅದನ್ನು. ಆ ಗಾಳಿ ಹಿಗ್ಗಿ ಕುಗ್ಗಿ ತನ್ನ ಲೆಕ್ಕಕ್ಕೆ ಬಂದಷ್ಟು ದ್ರವವನ್ನು ಎಳೆದುಕೊಳ್ಳುತ್ತದೆ. ಲ್ಯಾಬ್ ರೋಬೋಟ್ ಅಂದಕೂಡಲೇ ಮಾತು ತೋಳು, ಕ್ಯಾಮೆರಾ, ಎಐ ಕಡೆ ಓಡುತ್ತದೆ. ಕೆಟ್ಟ ಡೇಟಾದ ಬುಡ ಹುಡುಕಿಕೊಂಡು ಹೋದವರಿಗೆ ಬಹಳ ಸಲ ಸಿಗುವುದು ಈ ಅರ್ಧ ಮಿಲಿಲೀಟರ್ ಗಾಳಿ.

ಇದೇನೂ ಹೊಸ ಪರಿಚಯವಲ್ಲ. 1957ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಹೈನ್ರಿಶ್ ಶ್ನಿಟ್ಗರ್ ದ್ರವ ಅಳೆದು ಹೀರುವ ಪಿಸ್ಟನ್ ಪಿಪೆಟ್‌ಗೆ ಪೇಟೆಂಟ್ ಅರ್ಜಿ ಹಾಕಿದ್ದು ಗಾಳಿಯ ಈ ಕಂಬವನ್ನೇ ನಂಬಿ. ದ್ರವ ಪಿಸ್ಟನ್ನನ್ನು ಮುಟ್ಟಬಾರದು, ಟಿಪ್ ಬಿಸಾಡಿದರೆ ಮುಗಿಯಬೇಕು ಎಂಬುದು ಲೆಕ್ಕ. ಅದೇ ವರ್ಷ ಅಮೆರಿಕದಲ್ಲಿ ಟೆಕ್ನಿಕಾನ್ ಕಂಪನಿ ಲಿಯೊನಾರ್ಡ್ ಸ್ಕೆಗ್ಸ್ ರೂಪಿಸಿದ ಆಟೊಅನಲೈಜರ್ ಮಾರುಕಟ್ಟೆಗೆ ತಂದಿತು. ಅದರಲ್ಲೂ ಗಾಳಿಯೇ ಆಳು: ಒಂದೇ ಕೊಳವೆಯಲ್ಲಿ ಸಾಲಾಗಿ ಹರಿಯುವ ರಕ್ತದ ಸ್ಯಾಂಪಲ್‌ಗಳು ಒಂದಕ್ಕೊಂದು ಬೆರೆಯದಂತೆ ನಡುನಡುವೆ ಗುಳ್ಳೆ ಬಿಡುತ್ತಿದ್ದರು. ಒಂದು ಕಡೆ ಗುಳ್ಳೆ ಕಾವಲುಗಾರ, ಇನ್ನೊಂದು ಕಡೆ ಕಳ್ಳ.

ಲೆಕ್ಕ ಹಾಕಿಯೇ ನೋಡೋಣ. 200 ಮೈಕ್ರೋಲೀಟರ್ ಹೀರಿದ ಟಿಪ್‌ನಲ್ಲಿ ದ್ರವ ಸುಮಾರು 25 ಮಿಲಿಮೀಟರ್ ಎತ್ತರ ನಿಂತಿದೆ ಎಂದುಕೊಳ್ಳಿ. ಅದರ ಭಾರ ಮೇಲಿನ ಗಾಳಿಯನ್ನು ಸುಮಾರು 245 ಪಾಸ್ಕಲ್‌ನಷ್ಟು ಕೆಳಗೆ ಜಗ್ಗುತ್ತದೆ. ಮಂಗಳೂರಿನಲ್ಲಿ ವಾತಾವರಣದ ಒತ್ತಡ 1,01,300 ಪಾಸ್ಕಲ್‌ನ ಆಸುಪಾಸು. ಗಾಳಿ ಹಿಗ್ಗುವುದು ಶೇ 0.24. ಗಾಳಿಯ ಕಂಬ 500 ಮೈಕ್ರೋಲೀಟರ್ ಇದ್ದರೆ 1.2 ಮೈಕ್ರೋಲೀಟರ್ ದ್ರವ ಕಡಿಮೆ ಬಂತು. ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿರುವ ಬೆಂಗಳೂರಿನಲ್ಲಿ ಒತ್ತಡ ಸುಮಾರು 91,000, ಕೊರತೆ 1.35ಕ್ಕೆ ಏರುತ್ತದೆ. ಎರಡು ಊರಿಗೂ ಇರುವ ವ್ಯತ್ಯಾಸ 200ರಲ್ಲಿ 0.15 ಮೈಕ್ರೋಲೀಟರ್ ಕೂಡ ಇಲ್ಲ. 'ಬೆಂಗಳೂರಿನ ಎತ್ತರಕ್ಕೆ ಕ್ಯಾಲಿಬ್ರೇಶನ್ ಹೋಗಿಬಿಡುತ್ತೆ' ಎನ್ನುವವರಿಗೆ ಇಷ್ಟು ಉತ್ತರ ಸಾಕು. ಹೋಗುವುದು ಬೇರೆ ಕಾರಣಕ್ಕೆ.

ಆ ಬೇರೆ ಕಾರಣಗಳಲ್ಲಿ ದೊಡ್ಡದು ಆವಿ. 25 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ 3.2 ಕಿಲೋಪಾಸ್ಕಲ್, ಶುದ್ಧ ಎಥನಾಲ್‌ನದು 7.9. ಒಣ ಟಿಪ್‌ಗೆ ಎಥನಾಲ್ ಹೀರಿದ ಕ್ಷಣದಿಂದ ಅದು ಆವಿಯಾಗಿ ಮೇಲಿನ ಗಾಳಿಯನ್ನು ತುಂಬತೊಡಗುತ್ತದೆ, ಕಂಬ ಉಬ್ಬುತ್ತದೆ. 500 ಮೈಕ್ರೋಲೀಟರ್ ಗಾಳಿ ಪೂರ್ತಿ ಆವಿ ಕುಡಿದರೆ 40 ಮೈಕ್ರೋಲೀಟರ್‌ಗೂ ಮಿಕ್ಕಿ ಹಿಗ್ಗುತ್ತದೆ. ಆ 40 ಮೈಕ್ರೋಲೀಟರ್ ದ್ರವ ಎಲ್ಲಿಗೆ ಹೋಗಬೇಕು? ಕೆಳಗೆ, ಹನಿಯಾಗಿ. ಶೇ 80ರ ಎಥನಾಲ್‌ನಲ್ಲಿ ಇದು ತುಸು ಕಡಿಮೆ, ತೊಟ್ಟಿಕ್ಕುವುದಕ್ಕೆ ಧಾರಾಳ ಸಾಕು.

ಮದ್ದು ಸುಲಭ. ಮೊದಲ ದೋಸೆ ಹಂಚಿಗೆ ಅಂಟುವ ಹಾಗೆ ಒಣ ಟಿಪ್‌ನ ಮೊದಲ ಹೀರಿಕೆ ಯಾವತ್ತೂ ನಂಬಿಕೆಗೆ ಅರ್ಹವಲ್ಲ. ತೊಟ್ಟಿಯಲ್ಲೇ ಮೂರು ಸಲ ಪೂರ್ತಿ ಹೀರಿ ಬಿಟ್ಟು, ಒಳಗಿನ ಗಾಳಿಗೆ ಆವಿ ಕುಡಿಸಿ, ನಾಲ್ಕನೆಯ ಸಲದ್ದನ್ನು ಒಯ್ಯಬೇಕು. ಮೇಲೆತ್ತಿದ ಮೇಲೆ ತುದಿಯಲ್ಲಿ 15–20 ಮೈಕ್ರೋಲೀಟರ್ ಗಾಳಿ ಎಳೆದುಕೊಳ್ಳಬೇಕು. ಅದು ಬಾಗಿಲಿಗೆ ಹಾಕಿದ ಅಗುಳಿ. ತೋಳು ಹೋಗುವ ದಾರಿಯಲ್ಲಿ ತೆರೆದ ಸ್ಯಾಂಪಲ್ ಇರದಂತೆ ಡೆಕ್, ಅಂದರೆ ಯಂತ್ರದ ಮೇಜು, ಜೋಡಿಸಬೇಕು. ಈ ಮೂರನೆಯದಕ್ಕೆ ಕಾಸು ಖರ್ಚಿಲ್ಲ, ಆದರೂ ಹೆಚ್ಚಿನವರು ಮಾಡುವುದಿಲ್ಲ.

ತಾಪಮಾನದ್ದು ಇನ್ನೊಂದು ಬಗೆ. ಫ್ರಿಜ್‌ನಿಂದ ಆಗಷ್ಟೇ ತೆಗೆದ 4 ಡಿಗ್ರಿಯ ದ್ರವ ಹೀರಿದಾಗ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಗಾಳಿ 5 ಡಿಗ್ರಿ ತಣಿದರೂ ಶೇ 1.7, ಅಂದರೆ 500ಕ್ಕೆ 8 ಮೈಕ್ರೋಲೀಟರ್. ಟಿಪ್ ಇನ್ನೂ ದ್ರವದೊಳಗೇ ಇದ್ದರೆ ಅಷ್ಟು ಹೆಚ್ಚು ಬರುತ್ತದೆ. ಹೊರಗೆ ಬಂದಿದ್ದರೆ ತುದಿಯಲ್ಲಿ ಸಣ್ಣ ಗುಳ್ಳೆ ಸೇರಿಕೊಳ್ಳುತ್ತದೆ. ಕಿಣ್ವಗಳನ್ನು ತಣ್ಣಗಿಡಲೇಬೇಕು, ಅದಕ್ಕೆ ಬೇರೆಯೇ ಸೆಟ್ಟಿಂಗ್ ಬರೆಯಬೇಕು. ಉಳಿದದ್ದನ್ನೆಲ್ಲ ಅರ್ಧ ಗಂಟೆ ಮೊದಲೇ ಹೊರಗಿಡಿ.

ಇನ್ನು ಗಟ್ಟಿ ದ್ರವ. ಜೋನಿಬೆಲ್ಲದ ಡಬ್ಬಿ ಬಗ್ಗಿಸಿದವರಿಗೆ ವಿವರಿಸಬೇಕಾಗಿಲ್ಲ. ಪಿಸ್ಟನ್ ಸರ್ರನೆ ಮೇಲೆದ್ದರೂ ದ್ರವ ಹಿಂದೆ ಉಳಿಯುತ್ತದೆ, ಕಂಬ ಎಳೆದ ರಬ್ಬರ್‌ನಂತೆ ಹಿಗ್ಗಿ ನಿಲ್ಲುತ್ತದೆ, ಆಮೇಲೆ ನಿಧಾನವಾಗಿ ದ್ರವ ಏರುತ್ತದೆ. ಅದು ಏರಿ ಮುಗಿಯುವ ಮೊದಲೇ ಟಿಪ್ ಎತ್ತಿದರೆ ಗಾಳಿ ನುಗ್ಗುತ್ತದೆ. ಬಿಡುವಾಗಲೂ ಅದೇ ಕಥೆ: ಒಳಗೋಡೆಗೆ ಪದರ ಅಂಟಿ ಉಳಿಯುತ್ತದೆ. ನೀರಿಗೆ ಸೆಕೆಂಡಿಗೆ 100 ಮೈಕ್ರೋಲೀಟರ್ ವೇಗ ನಡೆದರೆ ಇಂಥದ್ದಕ್ಕೆ 20–25ರಿಂದ ಶುರು ಮಾಡಿ. ಹೀರಿದ ಮೇಲೆ ಒಂದು ಸೆಕೆಂಡು ಅಲ್ಲೇ ನಿಲ್ಲಿಸಿ. ದ್ರವದಿಂದ ಹೊರಬರುವಾಗ ಸೆಕೆಂಡಿಗೆ 5 ಮಿಲಿಮೀಟರ್‌ನಂತೆ ಸಾವಕಾಶ ಎತ್ತಿ, ಇಲ್ಲವಾದರೆ ಟಿಪ್‌ನ ಹೊರಮೈಗೆ ಹನಿ ಅಂಟಿಕೊಂಡು ಬರುತ್ತದೆ. ಯಾವ ಲೆಕ್ಕಕ್ಕೂ ಸಿಗದೆ ಪ್ಲೇಟ್ ಸೇರುವ ದ್ರವ ಅದು. ದೊಡ್ಡ ಯಂತ್ರಗಳಲ್ಲಿ ಈ ಸಂಖ್ಯೆಗಳ ಕಟ್ಟಿಗೆ 'ಲಿಕ್ವಿಡ್ ಕ್ಲಾಸ್' ಎನ್ನುತ್ತಾರೆ. ಕಂಪನಿಯವರು ನೀರಿನದ್ದೊಂದು, ಗ್ಲಿಸರಾಲ್‌ನದ್ದೊಂದು, ಸೀರಮ್‌ನದ್ದೊಂದು ಕೊಟ್ಟಿರುತ್ತಾರೆ. ನಿಮ್ಮ ರಿಯೇಜೆಂಟಿನದ್ದು ಅದರಲ್ಲಿ ಇರುವುದಿಲ್ಲ.

ಇದೆಲ್ಲ ಒಟ್ಟಿಗೆ ಕೈಕೊಡುವ ಕೆಲಸ ಒಂದಿದೆ: ಮ್ಯಾಗ್ನೆಟಿಕ್ ಬೀಡ್‌ಗಳಿಂದ, ಅಂದರೆ ಅಯಸ್ಕಾಂತಕ್ಕೆ ಅಂಟುವ ಸೂಕ್ಷ್ಮ ಮಣಿಗಳಿಂದ, ಡಿಎನ್‌ಎ ತೊಳೆಯುವುದು. ಸೀಕ್ವೆನ್ಸಿಂಗ್ ಲೈಬ್ರರಿ (ಸೀಕ್ವೆನ್ಸರ್ ಯಂತ್ರ ಓದಲು ಸಿದ್ಧಪಡಿಸಿದ ಡಿಎನ್‌ಎ ತುಣುಕುಗಳ ಸಂಗ್ರಹ) ಮಾಡುವ ಯಾವ ಲ್ಯಾಬ್‌ನಲ್ಲೂ ದಿನಾ ನಡೆಯುವಂಥದ್ದು, ಕೈಯಲ್ಲಿ ಮಾಡಿದರೆ ಬೆರಳು ಸೋಲುವಂಥದ್ದು, ಆದ್ದರಿಂದಲೇ ರೋಬೋಟ್ ಬಂದ ದಿನ ಎಲ್ಲರೂ ಮೊದಲು ಅದರ ತಲೆಗೆ ಕಟ್ಟುವಂಥದ್ದು. ಬೀಡ್‌ಗಳು ಪಿಇಜಿ 8000 ಎಂಬ ಪಾಲಿಮರ್ ಮತ್ತು ಉಪ್ಪಿನ ದ್ರಾವಣದಲ್ಲಿ ತೇಲುತ್ತಿರುತ್ತವೆ; ಲ್ಯಾಬ್‌ನಲ್ಲೇ ಮಾಡಿಕೊಳ್ಳುವವರು ಶೇ 18 ಪಿಇಜಿ, 1 ಮೋಲಾರ್ ಸೋಡಿಯಂ ಕ್ಲೋರೈಡ್, ಜೊತೆಗೆ ಟ್ರಿಸ್, ಇಡಿಟಿಎ, ಚೂರು ಟ್ವೀನ್ 20 ಹಾಕುತ್ತಾರೆ. ಪಿಇಜಿ ಮತ್ತು ಉಪ್ಪು ಸೇರಿ ಡಿಎನ್‌ಎಯನ್ನು ಬೀಡ್‌ನ ಮೈಗೆ ದೂಡುತ್ತವೆ. ಎಷ್ಟು ಉದ್ದದ ತುಣುಕು ಅಂಟುತ್ತದೆ ಎಂಬುದು ಬೀಡ್ ದ್ರಾವಣಕ್ಕೂ ಸ್ಯಾಂಪಲ್‌ಗೂ ಇರುವ ಅನುಪಾತದ ಮೇಲೆ ನಿಂತಿದೆ. 1.8 ಪಟ್ಟು ಹಾಕಿದರೆ ಸುಮಾರು 100 ಬೇಸ್‌ಗಿಂತ ಉದ್ದದ್ದೆಲ್ಲ ಉಳಿಯುತ್ತದೆ, 0.8ಕ್ಕೆ ಇಳಿಸಿದರೆ 120–130 ಬೇಸ್‌ನ ಅಡಾಪ್ಟರ್ ಡೈಮರ್ (ತುಣುಕಿನ ತುದಿಗೆ ಜೋಡಿಸುವ ಅಡಾಪ್ಟರ್‌ಗಳು ತಮ್ಮತಮ್ಮಲ್ಲೇ ಅಂಟಿಕೊಂಡ ಕಸ) ಹೊರಟು ಹೋಗುತ್ತದೆ, ಲೈಬ್ರರಿ ಉಳಿಯುತ್ತದೆ.

ಪಿಪೆಟ್ ತಪ್ಪು ಇಲ್ಲಿ ಪ್ರಮಾಣದ ತಪ್ಪಾಗಿ ನಿಲ್ಲುವುದಿಲ್ಲ, ಯಾವ ಅಣು ಉಳಿಯಿತು ಎಂಬುದನ್ನೇ ಬದಲಾಯಿಸುತ್ತದೆ. 50 ಮೈಕ್ರೋಲೀಟರ್ ಸ್ಯಾಂಪಲ್‌ಗೆ 40 ಬೀಡ್ ಎಂದು ಬರೆದಿದ್ದೀರಿ. ಪಿಸಿಆರ್ ನಡೆಸುವ ಥರ್ಮಲ್ ಸೈಕ್ಲರ್‌ನಲ್ಲಿ ಸೀಲ್ ಸರಿಯಾಗಿ ಕೂರದೆ ಅಂಚಿನ ವೆಲ್‌ನಲ್ಲಿ 46 ಉಳಿದಿದೆ. ರೋಬೋಟ್ ಟಿಪ್‌ನ ಹೊರಮೈಯಲ್ಲಿ ಅಂಟಿದ್ದೂ ಸೇರಿ 44 ಹಾಕಿದೆ. ಅನುಪಾತ 0.96. ಡೈಮರ್ ಉಳಿಯತೊಡಗುತ್ತದೆ, ಚಿಕ್ಕ ತುಣುಕಾದ್ದರಿಂದ ಸೀಕ್ವೆನ್ಸರ್‌ನಲ್ಲಿ ಡಿಎನ್‌ಎ ಅಂಟಿಸಿ ಓದುವ ಗಾಜಿನ ಫಲಕವಾದ ಫ್ಲೋಸೆಲ್ ಮೇಲೆ ಎಲ್ಲರಿಗಿಂತ ಮೊದಲು ಜಾಗ ಹಿಡಿಯುತ್ತದೆ. ಪಕ್ಕದ ವೆಲ್‌ನಲ್ಲಿ 50ಕ್ಕೆ 36 ಬಿದ್ದಿದ್ದರೆ 0.72, ಅಲ್ಲಿ ಲೈಬ್ರರಿಯ ಚಿಕ್ಕ ಭಾಗವೇ ಕಸದ ತೊಟ್ಟಿಗೆ. ಹಾಗಾಗಿ ಸೈಕ್ಲರ್‌ನಿಂದ ಬಂದ ಪ್ಲೇಟನ್ನು ಮೊದಲು ಸ್ಪಿನ್ ಮಾಡಿ, ಕಣ್ಣಳತೆಯಲ್ಲಾದರೂ ಮಟ್ಟ ನೋಡಿ, ಬೇಕಾದರೆ ಎಲ್ಲ ವೆಲ್‌ಗೂ ಟ್ರಿಸ್ ಹಾಕಿ 50ಕ್ಕೆ ತರುವುದು ಉತ್ತಮ.

ಬೀಡ್‌ಗಳು ಕಬ್ಬಿಣದಂಶದ ಕಣಗಳು, ಸುಮ್ಮನಿದ್ದರೆ ತಳ ಸೇರುತ್ತವೆ. ಎಂಟು ಚಾನೆಲ್ ಪಿಪೆಟ್ 96 ವೆಲ್‌ನ ಪ್ಲೇಟಿನ 12 ಕಾಲಮ್ ಮುಗಿಸುವಷ್ಟರಲ್ಲಿ ತೊಟ್ಟಿಯ ಮೇಲ್ಭಾಗ ತೆಳುವಾಗಿರುತ್ತದೆ. ಎರಡು ಮೂರು ಕಾಲಮ್‌ಗೊಮ್ಮೆ ತೊಟ್ಟಿಯಲ್ಲಿ ಹತ್ತು ಸಲ ಕಲಸುವ ಸಾಲು ಪ್ರೋಗ್ರಾಮ್‌ನಲ್ಲಿ ಇರಲೇಬೇಕು. ವೆಲ್‌ನಲ್ಲಿ ಕಲಸುವಾಗ 90ರಲ್ಲಿ 70 ಮೈಕ್ರೋಲೀಟರ್‌ನಷ್ಟು ಹೀರಿ ಬಿಡಿ, ಹತ್ತು ಹದಿನೈದು ಸಲ. ತಳದಿಂದ 1 ಮಿಲಿಮೀಟರ್ ಎತ್ತರದಲ್ಲಿ ಹೀರಿ, 4–5 ಮಿಲಿಮೀಟರ್ ಎತ್ತರದಲ್ಲಿ ಬಿಟ್ಟರೆ ದ್ರವ ಸುತ್ತು ಹೊಡೆಯುತ್ತದೆ. ಒಂದೇ ಎತ್ತರದಲ್ಲಿ ಹೀರಿ ಬಿಟ್ಟರೆ ಅದದೇ ದ್ರವ ಒಳಗೆ ಹೊರಗೆ ಓಡಾಡುತ್ತದೆ, ಮೇಲಿನ ಸ್ಯಾಂಪಲ್ ಮೇಲೆಯೇ ಉಳಿಯುತ್ತದೆ. ಕಲಸಿದ ಮೇಲಿನ ಕೊನೆಯ ಊದು ದ್ರವದ ಒಳಗೆ ಬೇಡ, ನೊರೆ ಬರುತ್ತದೆ.

ಐದು ನಿಮಿಷ ಬಿಟ್ಟು ಮ್ಯಾಗ್ನೆಟ್ ಏರಿಸಿ, ಮತ್ತೈದು ನಿಮಿಷ. ಈಗ ದ್ರವ ತಿಳಿಯಾಗಿ, ಬೀಡ್‌ಗಳು ವೆಲ್‌ನ ಒಂದು ಪಕ್ಕಕ್ಕೆ ಕಂದು ಕಲೆಯಾಗಿ ಅಂಟಿರುತ್ತವೆ. ಯಾವ ಪಕ್ಕಕ್ಕೆ? ಮ್ಯಾಗ್ನೆಟ್ ಎರಡು ಕಾಲಮ್‌ಗಳ ನಡುವೆ ನಿಂತಿದ್ದರೆ ಒಂದು ಕಾಲಮ್‌ಗೆ ಬಲಕ್ಕೆ, ಪಕ್ಕದ್ದಕ್ಕೆ ಎಡಕ್ಕೆ. ಟಿಪ್ ನಡುಮಧ್ಯ ಇಳಿದರೆ ಕಲೆಯ ಅಂಚನ್ನು ಕೆರೆದುಕೊಂಡು ಬರುತ್ತದೆ. ಬೆಸ ಕಾಲಮ್‌ಗೆ ಒಂದು ದಿಕ್ಕು, ಸಮ ಕಾಲಮ್‌ಗೆ ಎದುರು ದಿಕ್ಕು ಅಂತ ಟಿಪ್ಪನ್ನು 1 ಮಿಲಿಮೀಟರ್ ಸರಿಸುವ ಸಾಲು ಬರೆಯಿರಿ. ಸೆಕೆಂಡಿಗೆ 20–25 ಮೈಕ್ರೋಲೀಟರ್‌ಗಿಂತ ವೇಗ ಬೇಡ.

ಎಥನಾಲ್ ತೊಳೆತ ಎರಡು ಸಲ, 150 ಮೈಕ್ರೋಲೀಟರ್, 30 ಸೆಕೆಂಡು. ವೆಲ್ ಮುಟ್ಟದೆ ಮೇಲಿನಿಂದ ಬಿಡುವುದಾದರೆ ಎಂಟೇ ಟಿಪ್‌ಗಳಲ್ಲಿ ಇಡೀ ಪ್ಲೇಟ್ ಮುಗಿಯುತ್ತದೆ. ಎಥನಾಲ್ ಅವತ್ತೇ ಕಲಸಿದ್ದಿರಲಿ, ತೊಟ್ಟಿಗೆ ಸುರಿಯುವುದು ತೊಳೆಯುವ ಹೊತ್ತಿಗೇ ಇರಲಿ. ಶುರುವಿನಲ್ಲೇ ಎಲ್ಲ ತುಂಬಿಟ್ಟು ಕಾಫಿಗೆ ಹೋದರೆ ಅರ್ಧ ಗಂಟೆ ತೆರೆದ ತೊಟ್ಟಿಯಲ್ಲಿ ಎಥನಾಲ್ ಹಾರುತ್ತದೆ, ನೀರು ಉಳಿಯುತ್ತದೆ. ಶೇ 70ಕ್ಕಿಂತ ಕೆಳಗೆ ಇಳಿದರೆ ಬೀಡ್‌ನಿಂದ ಡಿಎನ್‌ಎ ಕರಗಿ ತೊಳೆದ ನೀರಿನ ಜೊತೆ ಹೋಗುತ್ತದೆ. ಪ್ರೋಗ್ರಾಮ್‌ನಲ್ಲಿ ಒಂದು ನಿಲುಗಡೆ ಹಾಕಿ, 'ಎಥನಾಲ್ ಸುರಿಯಿರಿ' ಎಂಬ ಸಂದೇಶ ಬರಲಿ.

ಕೈಯಲ್ಲಿ ಮಾಡುವಾಗ ಯಾರಿಗೂ ಹೊಳೆಯದ ತಪ್ಪು ಒಣಗಿಸುವ ಹಂತದಲ್ಲಿದೆ. ಪುಸ್ತಕ ಹೇಳುವುದು 3ರಿಂದ 5 ನಿಮಿಷ. ಹದ ಬಂದ ಬೀಡ್ ಕಲೆ ಹೊಳಪು ಕಳೆದುಕೊಂಡು ಒದ್ದೆ ಮಣ್ಣಿನಂತೆ ಕಾಣುತ್ತದೆ. ಹದ ಮೀರಿದ್ದು ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿಯುತ್ತದೆ, ಆಮೇಲೆ ಎಷ್ಟು ಕಲಸಿದರೂ ಡಿಎನ್‌ಎ ಪೂರ್ತಿ ಬಿಟ್ಟುಕೊಡುವುದಿಲ್ಲ. ಈಗ ರೋಬೋಟ್‌ನ ಗಡಿಯಾರ ನೋಡಿ. ಎರಡನೆಯ ತೊಳೆತದ ಎಥನಾಲ್ ತೆಗೆಯಲು ಕಾಲಮ್‌ಗೆ 35 ಸೆಕೆಂಡು. 12 ಕಾಲಮ್‌ಗೆ 7 ನಿಮಿಷ. ಕೊನೆಯ ಕಾಲಮ್ ಖಾಲಿಯಾದಾಗ ಮೊದಲನೆಯದು ಆಗಲೇ ಆರೂವರೆ ನಿಮಿಷ ಒಣಗಿದೆ. ಅದರ ಮೇಲೆ 'ಐದು ನಿಮಿಷ ಕಾಯಿ' ಎಂಬ ಸಾಲು ಕೈಯ ಪ್ರೋಟೋಕಾಲ್‌ನಿಂದ ಹಾಗೇ ನಕಲಾಗಿ ಬಂದಿರುತ್ತದೆ. ಎಡದಿಂದ ಬಲಕ್ಕೆ ಇಳುವರಿ ಏರುತ್ತಾ ಹೋಗುವ ಪ್ಲೇಟ್ ಕಂಡರೆ ಮೊದಲು ಇದನ್ನೇ ಶಂಕಿಸಿ. ಕಾಯುವ ಸಾಲು ತೆಗೆದುಹಾಕಿ, ಎಥನಾಲ್ ತೆಗೆದ ಕ್ರಮದಲ್ಲೇ ಅಷ್ಟೇ ವೇಗದಲ್ಲಿ ಎಲ್ಯೂಷನ್ ಬಫರ್ (ಬೀಡ್‌ನಿಂದ ಡಿಎನ್‌ಎ ಬಿಡಿಸುವ ದ್ರವ) ಹಾಕಿದರೆ ಪ್ರತಿ ಕಾಲಮ್‌ಗೂ ಸಿಗುವ ಒಣ ಸಮಯ ಹೆಚ್ಚುಕಡಿಮೆ ಒಂದೇ. ಅದೂ 7 ನಿಮಿಷ ಆಗಿಬಿಡುವುದರಿಂದ ಆರು ಆರು ಕಾಲಮ್‌ನಂತೆ ಎರಡು ಪಾಳಿ ಮಾಡಿ. ಬಫರ್ 32 ಮೈಕ್ರೋಲೀಟರ್ ಹಾಕಿ 30 ತೆಗೆಯಿರಿ; ಕೊನೆಯ 2ರ ಆಸೆಗೆ ಹೋದರೆ ಬೀಡ್ ಜೊತೆಗೆ ಬರುತ್ತದೆ.

ಟಿಪ್‌ಗಳ ಲೆಕ್ಕವನ್ನು ಯಂತ್ರ ಕೊಳ್ಳುವ ಮೊದಲೇ ಹಾಕಬೇಕು. ಬೀಡ್ ಹಾಕಿ ಕಲಸಲು 96, ಮೇಲಿನ ದ್ರವ ತೆಗೆಯಲು 96, ಎಥನಾಲ್ ಹಾಕಲು 8, ತೆಗೆಯಲು ಎರಡು ಸಲ 96, ಬಫರ್ ಹಾಕಿ ಕಲಸಲು 96, ಹೊಸ ಪ್ಲೇಟಿಗೆ ಒಯ್ಯಲು 96. ಒಟ್ಟು 584, ಅಂದರೆ ಏಳು ರ‍್ಯಾಕ್. ಓಪನ್‌ಟ್ರಾನ್ಸ್ ಒಟಿ-2ರಂಥ ಚಿಕ್ಕ ಯಂತ್ರದ ಡೆಕ್‌ನಲ್ಲಿ ಬಳಸಲು ಸಿಗುವುದು 11 ಜಾಗ. ಮ್ಯಾಗ್ನೆಟ್, ರಿಯೇಜೆಂಟ್ ತೊಟ್ಟಿ, ಕೊಳೆ ದ್ರವದ ತೊಟ್ಟಿ, ಹೊಸ ಪ್ಲೇಟ್ ಇಟ್ಟರೆ ಉಳಿಯುವುದು ಸರಿಯಾಗಿ ಏಳು. ಒಂದು ಪ್ಲೇಟ್ ಕೂಡ ಹೆಚ್ಚಿಗೆ ಇಡಲು ಜಾಗವಿಲ್ಲ. ಬೀಳಿಸಿದ ಟಿಪ್‌ಗಳು ಕಸದ ಡಬ್ಬಿಯಲ್ಲಿ ಗೋಪುರವಾಗಿ ನಿಂತು ತೋಳಿಗೆ ತಾಗುವುದೂ ಉಂಟು. ನಡುವೆ ಒಮ್ಮೆ ಡಬ್ಬಿ ಅಲ್ಲಾಡಿಸುವ ನಿಲುಗಡೆ ಇರಲಿ. ತೊಟ್ಟಿಯ ತಳದಲ್ಲಿ ಟಿಪ್‌ಗೆ ಸಿಗದೆ ಉಳಿಯುವ ದ್ರವವನ್ನೂ ಮರೆಯಬೇಡಿ. ಬೀಡ್ ಬೇಕಾದದ್ದು 40ರಂತೆ 96ಕ್ಕೆ 3.84 ಮಿಲಿಲೀಟರ್, ಹಾಕಬೇಕಾದದ್ದು ಶೇ 10 ಹೆಚ್ಚು, ಜೊತೆಗೆ ತಳದ್ದು 1 ಮಿಲಿಲೀಟರ್, ಹತ್ತಿರ ಹತ್ತಿರ 5.2. ಬೀಡ್‌ನ ಬೆಲೆ ಗೊತ್ತಿರುವವರಿಗೆ ಆ ಒಂದು ಮಿಲಿಲೀಟರ್ ಹೊಟ್ಟೆ ಉರಿಸುತ್ತದೆ. ತಳ ವಿ ಆಕಾರದ ತೊಟ್ಟಿ ಕೊಂಡರೆ ಸ್ವಲ್ಪ ಉಳಿಯುತ್ತದೆ.

ಜಾಗದ ಅಳತೆಯ ವಿಷಯ ಬೇಗ ಮುಗಿಸಬಹುದು, ಏಕೆಂದರೆ ಅಲ್ಲಿ ಜಗತ್ತು ಒಪ್ಪಂದಕ್ಕೆ ಬಂದಿದೆ. 1951ರಲ್ಲಿ ಹಂಗರಿಯ ಗ್ಯುಲಾ ತಕಾಚಿ ಕೈಯಲ್ಲಿ ಕೊರೆದ ಮೈಕ್ರೋಪ್ಲೇಟ್ ಇವತ್ತು 127.76 × 85.48 ಮಿಲಿಮೀಟರ್ ತಳದ, ವೆಲ್‌ನಿಂದ ವೆಲ್‌ಗೆ 9 ಮಿಲಿಮೀಟರ್ ಅಂತರದ ಮಾನಕ, 384 ವೆಲ್‌ನದ್ದಾದರೆ 4.5. ಉದ್ದಗಲ ಎಲ್ಲರದ್ದೂ ಒಂದೇ, ಆಳ ಮಾತ್ರ ಒಬ್ಬೊಬ್ಬರದ್ದು ಒಂದೊಂದು. ಬೇರೆ ಕಂಪನಿಯ ಅಗ್ಗದ ಪ್ಲೇಟ್ ತಂದು ಹಳೆಯ ಫೈಲ್‌ನಲ್ಲೇ ಓಡಿಸಿದರೆ ಟಿಪ್ ತಳಕ್ಕೆ ಒತ್ತಿ ಬಾಯಿ ಮುಚ್ಚಿಕೊಳ್ಳುತ್ತದೆ. ಗಾಳಿ ಹಿಗ್ಗುತ್ತದೆ, ದ್ರವ ಬರುವುದಿಲ್ಲ. ಟಿಪ್ ಕೆಳಗೆ ಕಾಗದದ ಪಟ್ಟಿ ಇಟ್ಟು ಎಳೆದಾಗ ಚೂರು ತಡೆದು ಬರಬೇಕು, ಅದು ಸೊನ್ನೆ. ಅಲ್ಲಿಂದ ಅರ್ಧ ಅಥವಾ ಒಂದು ಮಿಲಿಮೀಟರ್ ಮೇಲೆ ಕೆಲಸದ ಎತ್ತರ. ಪಿಸಿಆರ್ ಮುಗಿಸಿ ಬಂದ ತೆಳು ಪ್ಲೇಟ್ ಹಪ್ಪಳದಂತೆ ಸೊಟ್ಟಗಾಗಿರುತ್ತದೆ. ಎ1 ಒಂದನ್ನೇ ನೋಡಿ ಬಿಡಬೇಡಿ, ನಾಲ್ಕು ಮೂಲೆ ಮತ್ತು ನಡುವಿನ ಡಿ6 ಐದನ್ನೂ ನೋಡಿ.

ಸರಿಯಾಗಿದೆ ಎಂದು ಗೊತ್ತಾಗುವುದು ಹೇಗೆ? ತೂಗುವುದು ಹಳೆಯ ದಾರಿ. 25 ಡಿಗ್ರಿಯಲ್ಲಿ ಒಂದು ಮಿಲಿಗ್ರಾಮ್ ನೀರಿಗೆ 1.0040 ಮೈಕ್ರೋಲೀಟರ್, 49.5 ಮಿಲಿಗ್ರಾಮ್ ತೂಗಿದರೆ 49.7 ಮೈಕ್ರೋಲೀಟರ್ ಬಿದ್ದಿದೆ. ಹತ್ತು ಸಲ ತೂಗಿ ಸರಾಸರಿ ಮತ್ತು ಚೆದುರುವಿಕೆ ನೋಡಬೇಕು. ಕೈಪಿಪೆಟ್‌ಗಳ ಮಾನಕ ಐಎಸ್‌ಒ 8655 ಒಂಟಿ ಚಾನೆಲ್‌ನ 100 ಮೈಕ್ರೋಲೀಟರ್ ಪಿಪೆಟ್‌ಗೆ 0.8 ಮೈಕ್ರೋಲೀಟರ್ ತಪ್ಪು ಒಪ್ಪುತ್ತದೆ; ರೋಬೋಟ್‌ಗಳಿಗೆಂದೇ ಐಎಸ್‌ಒ 23783 ಬಂದದ್ದು 2022ರಲ್ಲಿ. ಆದರೆ ತಕ್ಕಡಿಗೆ ಎಂಟು ಚಾನೆಲ್‌ಗಳು ಒಂದೇ ಮೊತ್ತ. ಒಂದು ಹೆಚ್ಚು ಕೊಟ್ಟು ಇನ್ನೊಂದು ಕಡಿಮೆ ಕೊಟ್ಟರೆ ತಕ್ಕಡಿ ಮೆಚ್ಚಿಕೊಳ್ಳುತ್ತದೆ.

ಅದಕ್ಕೇ ಬಣ್ಣದ ಪರೀಕ್ಷೆ. ಟಾರ್ಟ್ರಜೀನ್, ಮಿಠಾಯಿ ಅಂಗಡಿಯ ಹಳದಿ, 427 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು ಗಟ್ಟಿಯಾಗಿ ಹೀರುತ್ತದೆ. ಅಂಗಡಿಯ ಪುಡಿ ಬೇಡ, ಅದರಲ್ಲಿ ಉಪ್ಪು ಇನ್ನೇನೇನೋ ಇರುತ್ತದೆ; ಲ್ಯಾಬ್ ದರ್ಜೆಯದ್ದೇ ಕೊಳ್ಳಿ. ಮುಖ್ಯವಾದದ್ದು ಯಾವುದರಲ್ಲಿ ಕಲಸುತ್ತೀರಿ ಎಂಬುದು. ನೀರಲ್ಲಿ ಕಲಸಿ ಪಾಸಾದ ಸೆಟ್ಟಿಂಗ್ ಬೀಡ್‌ಗೆ ಏನೂ ಹೇಳುವುದಿಲ್ಲ. ಬೀಡ್ ಇಲ್ಲದ ಅದೇ ಪಿಇಜಿ–ಉಪ್ಪಿನ ದ್ರಾವಣದಲ್ಲಿ ಬಣ್ಣ ಕಲಸಿ, 40 ಮೈಕ್ರೋಲೀಟರ್ ಹಾಕಿಸಿ, ನೀರಿನಿಂದ 200ಕ್ಕೆ ತುಂಬಿ ಕಲಸಿ, ಪ್ಲೇಟ್ ರೀಡರ್‌ನಲ್ಲಿ ಓದಿ. 96 ಅಂಕಿಗಳ ಚೆದುರುವಿಕೆ ಶೇ 5ರ ಒಳಗಿದ್ದರೆ ಮುಂದುವರಿಯಬಹುದು. ಒಳಗಿಲ್ಲದಿದ್ದರೆ ಅಂಕಿಗಳನ್ನು ಪ್ಲೇಟಿನ ಆಕಾರದಲ್ಲೇ ಹರಡಿ ನೋಡಿ, ರೋಗ ತಾನೇ ಹೆಸರು ಹೇಳುತ್ತದೆ. ಸಿ ಸಾಲು ಉದ್ದಕ್ಕೂ ಕಡಿಮೆ ಇದ್ದರೆ ಮೂರನೆಯ ಚಾನೆಲ್‌ನ ಒ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ) ಸವೆದಿದೆ, ಗಾಳಿ ಸೋರುತ್ತಿದೆ. ಎಥನಾಲ್ ಹನಿ ಮೊದಲು ಮೂಡುವುದೂ ಅಲ್ಲೇ. ಒಂದರಿಂದ 12ರವರೆಗೆ ಕಾಲಮ್‌ಗಳು ಮೆಲ್ಲನೆ ಜಾರುತ್ತಿದ್ದರೆ ತೊಟ್ಟಿಯಲ್ಲಿ ಏನೋ ಬದಲಾಗುತ್ತಿದೆ. ಮೊದಲ ಕಾಲಮ್ ಮಾತ್ರ ಕಡಿಮೆ ಇದ್ದರೆ ಟಿಪ್ ಒದ್ದೆ ಮಾಡಿಲ್ಲ. ಅಲ್ಲಲ್ಲಿ ಚುಕ್ಕೆ ಬಿದ್ದ ಹಾಗೆ ತಪ್ಪಿದ್ದರೆ ಗುಳ್ಳೆ, ಅಥವಾ ಟಿಪ್ ಅರ್ಧ ಕೂತಿದೆ.

ಹನಿ ಬಿದ್ದು ಬೆರೆಯಿತೇ ಎಂಬುದಕ್ಕೆ ಚದುರಂಗದ ಮಣೆಯಂತೆ ಪ್ಲೇಟ್ ತುಂಬಬೇಕು: ಒಂದು ವೆಲ್‌ನಲ್ಲಿ ದಟ್ಟ ಡಿಎನ್‌ಎ, ಪಕ್ಕದ್ದರಲ್ಲಿ ಬರೀ ನೀರು, 48ಕ್ಕೆ 48. ಇಡೀ ಕೆಲಸ ಓಡಿಸಿ, ಕೊನೆಗೆ ಎಲ್ಲಕ್ಕೂ ಡಿಎನ್‌ಎ ಪ್ರಮಾಣ ಅಳೆಯುವ ಕ್ಯೂಪಿಸಿಆರ್; ಡಿಎನ್‌ಎ ಹೆಚ್ಚಿದ್ದಷ್ಟು ಬೇಗನೆಯ ಸೈಕಲ್‌ನಲ್ಲಿ ಸಂಕೇತ ಏಳುತ್ತದೆ. ಡಿಎನ್‌ಎ ವೆಲ್ 15ನೇ ಸೈಕಲ್‌ಗೆ ಎದ್ದು, ನೀರಿನ ವೆಲ್ ಒಂದು 28ಕ್ಕೆ ಎದ್ದಿತು ಅನ್ನಿ. 13 ಸೈಕಲ್‌ಗಳ ಅಂತರ, ಸೈಕಲ್‌ಗೆ ಎರಡು ಪಟ್ಟು, 8,192ರಲ್ಲಿ ಒಂದು ಪಾಲು. 50 ಮೈಕ್ರೋಲೀಟರ್ ಸ್ಯಾಂಪಲ್‌ನಲ್ಲಿ ಅದು 6 ನ್ಯಾನೋಲೀಟರ್. ಕಣ್ಣಿಗೆ ಕಾಣದ ಸಿಡಿತ, ಬಹುಶಃ ಕಲಸುವಾಗ ಒಡೆದ ಒಂದು ಗುಳ್ಳೆ. ತೊಟ್ಟಿಕ್ಕಿದ ಪೂರ್ತಿ ಹನಿ ಆಗಿದ್ದರೆ 20ರ ಆಸುಪಾಸಿನಲ್ಲೇ ಎದ್ದಿರುತ್ತಿತ್ತು, ಅದೂ ತೋಳು ಹಾದುಹೋಗುವ ಸಾಲಿನಲ್ಲಿ.

ಇಷ್ಟು ಹೊತ್ತು ಗಾಳಿಯನ್ನು ಬೈದದ್ದಾಯಿತು. ದೊಡ್ಡ ಯಂತ್ರಗಳು ಅದನ್ನೇ ಸಾಕ್ಷಿಯಾಗಿ ನಿಲ್ಲಿಸುತ್ತವೆ. ಪಿಸ್ಟನ್ ಮತ್ತು ದ್ರವದ ನಡುವಿನ ಒತ್ತಡವನ್ನು ಸೆನ್ಸರ್ ಸೆಕೆಂಡಿಗೆ ನೂರಾರು ಸಲ ಅಳೆಯುತ್ತದೆ. ಸರಿಯಾದ ಹೀರಿಕೆಯ ಗೆರೆಗೆ ಒಂದು ಆಕಾರವಿದೆ: ಇಳಿಯುತ್ತದೆ, ನಿಲ್ಲುತ್ತದೆ, ಮರಳುತ್ತದೆ. ದ್ರವವೇ ಇಲ್ಲದಿದ್ದರೆ ಇಳಿಯುವುದೇ ಇಲ್ಲ. ಬಾಯಿಗೆ ಏನಾದರೂ ಸಿಕ್ಕಿಕೊಂಡರೆ ಪಾತಾಳಕ್ಕಿಳಿದು ಅಲ್ಲೇ ಉಳಿಯುತ್ತದೆ. ಆಸ್ಪತ್ರೆ ಲ್ಯಾಬ್‌ಗಳ ಅನಲೈಜರ್ ಸೀರಮ್‌ನಲ್ಲಿ ಫೈಬ್ರಿನ್ ಎಳೆ, ಅಂದರೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನ ಎಳೆ, ಪತ್ತೆ ಹಚ್ಚುವುದು ಹೀಗೆ. ಜೆಲ್ ಟ್ಯೂಬನ್ನು 30 ನಿಮಿಷ ಹೆಪ್ಪುಗಟ್ಟಲು ಬಿಡದೆ ಅವಸರದಲ್ಲಿ ಸೆಂಟ್ರಿಫ್ಯೂಜ್‌ಗೆ ಹಾಕಿದಾಗ, ಅಥವಾ ರೋಗಿಗೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತಿದ್ದಾಗ, ಸೀರಮ್‌ನಲ್ಲಿ ಆಮೇಲೆ ಎಳೆಎಳೆಯಾಗಿ ಫೈಬ್ರಿನ್ ಕಟ್ಟುತ್ತದೆ. ಎಳೆ ಪೂರ್ತಿ ಅಡ್ಡ ಬಂದರೆ ಯಂತ್ರ ಕೂಗುತ್ತದೆ, ಅದು ಒಳ್ಳೆಯದೇ. ಅರ್ಧ ಅಡ್ಡ ಬಂದಾಗಲೇ ಅಪಾಯ: ಸ್ಯಾಂಪಲ್ ಕಡಿಮೆ ಬೀಳುತ್ತದೆ, ಗೆರೆ ಮಿತಿಯೊಳಗೇ ಇರುತ್ತದೆ, ಫಲಿತಾಂಶ ಹೊರಬರುತ್ತದೆ. ಒಬ್ಬನೇ ರೋಗಿಯ ಗ್ಲೂಕೋಸ್, ಯೂರಿಯಾ, ಕ್ಯಾಲ್ಸಿಯಂ, ಪ್ರೋಟೀನ್ ಎಲ್ಲವೂ ಒಟ್ಟಿಗೆ ಕೆಳಗಿಳಿದಿದ್ದರೆ ಅನುಭವಿ ಟೆಕ್ನಿಶಿಯನ್ ರಿಪೋರ್ಟ್ ಬಿಡುವ ಮೊದಲು ಟ್ಯೂಬ್‌ಗೆ ಕಡ್ಡಿ ಇಳಿಸಿ ನೋಡುವುದು ಅದಕ್ಕೇ.

ನೊರೆಯೂ ಇಂಥದ್ದೇ. ಕಾರ್ಬನ್ ಬೆರೆಸಿದ ಕಪ್ಪು ಟಿಪ್‌ಗಳು ವಿದ್ಯುತ್ ಹಾಯಿಸುವುದರಿಂದ ದ್ರವದ ಮೇಲ್ಮೈ ಮುಟ್ಟಿದ್ದು ಯಂತ್ರಕ್ಕೆ ತಿಳಿಯುತ್ತದೆ, ಆದರೆ ನೊರೆಯ ಮೇಲ್ಮೈಯೂ ಅದಕ್ಕೆ ಮೇಲ್ಮೈಯೇ. ಟಿಪ್ ನೊರೆಯಲ್ಲಿ ನಿಂತು ಗಾಳಿ ಕುಡಿಯುತ್ತದೆ.

ಕರೆಂಟ್ ಹೋಗುವುದಕ್ಕೆ ಯುಪಿಎಸ್ ಇರಲಿ ಎಂದು ಬೇರೆ ಹೇಳಬೇಕಾಗಿಲ್ಲ. ಜನರೇಟರ್‌ಗೆ ಬದಲಾಗುವ ಆ ಒಂದೆರಡು ಸೆಕೆಂಡೇ ಸಾಕು, ಮೋಟರ್ ತಾನು ಎಲ್ಲಿದ್ದೆ ಎಂಬುದನ್ನು ಮರೆಯುತ್ತದೆ. ಪ್ರತಿ ಕಾಲಮ್ ಮುಗಿದಾಗ ಹಂತದ ಹೆಸರು, ಕಾಲಮ್ ಸಂಖ್ಯೆ, ಗಂಟೆ ಬರೆಯುವ ಒಂದು ಸಾಲು ಪ್ರೋಗ್ರಾಮ್‌ನಲ್ಲಿ ಇದ್ದರೆ ಮತ್ತೆ ಎಲ್ಲಿಂದ ಶುರು ಎಂಬ ಜಗಳ ಇರುವುದಿಲ್ಲ. ಎರಡನೇ ಸಲ ಬೀಡ್ ಬಿದ್ದ ಕಾಲಮ್‌ನ ಅನುಪಾತ 1.6 ಆಗಿಬಿಟ್ಟಿರುತ್ತದೆ.

ದಿನಕ್ಕೆ 24 ಸ್ಯಾಂಪಲ್ ದಾಟದ ಲ್ಯಾಬ್‌ಗೆ ಇಷ್ಟೆಲ್ಲ ಬೇಕೇ ಎಂದು ಕೇಳಿದರೆ ಬೇಡ ಎನ್ನುತ್ತೇನೆ. ಒಳ್ಳೆಯ ಎಂಟು ಚಾನೆಲ್ ಕೈಪಿಪೆಟ್, ಒಂದು ಮ್ಯಾಗ್ನೆಟ್ ಸ್ಟ್ಯಾಂಡ್ ಸಾಕು. ಡೆಕ್ ಜೋಡಿಸಿ ಮುಗಿಸುವಷ್ಟರಲ್ಲಿ ಕೈಯಲ್ಲಿ ಮೊದಲ ತೊಳೆತ ಆಗಿರುತ್ತದೆ. ಗಾಳಿಯ ಸಹವಾಸವೇ ಬೇಡ ಎನ್ನುವವರಿಗೂ ದಾರಿಗಳಿವೆ. ಎಕೋ ಎಂಬ ಯಂತ್ರ ಕೆಳಗಿನಿಂದ ಶಬ್ದದ ಅಲೆ ಬಿಟ್ಟು 2.5 ನ್ಯಾನೋಲೀಟರ್ ಹನಿಗಳನ್ನು ಮೇಲಿನ ಪ್ಲೇಟಿಗೆ ಚಿಮ್ಮಿಸುತ್ತದೆ, ಟಿಪ್ಪೇ ಇಲ್ಲ, ಬೆಲೆ ಕೇಳಬೇಡಿ. ಇನ್ನೊಂದು ಕಿಂಗ್‌ಫಿಶರ್, ಕೋವಿಡ್ ಕಾಲದಲ್ಲಿ ಆರ್‌ಎನ್‌ಎ ತೆಗೆಯಲು ಜಗತ್ತಿನ ಎಷ್ಟೋ ಲ್ಯಾಬ್‌ಗಳಲ್ಲಿ ಹಗಲಿರುಳು ಓಡಿದ್ದು. ಅದು ದ್ರವವನ್ನು ಹೀರುವುದೇ ಇಲ್ಲ. ಪ್ಲಾಸ್ಟಿಕ್ ಕವಚ ತೊಟ್ಟ ಮ್ಯಾಗ್ನೆಟ್ ಕಡ್ಡಿಗಳು ವೆಲ್‌ಗಳಿಗೆ ಇಳಿದು ಬೀಡ್‌ಗಳನ್ನಷ್ಟೇ ಹಿಡಿದು ಮುಂದಿನ ಪ್ಲೇಟಿಗೆ ಒಯ್ಯುತ್ತವೆ: ಬೈಂಡಿಂಗ್ ಪ್ಲೇಟ್, ತೊಳೆಯುವ ಎರಡು ಪ್ಲೇಟ್, ಎಲ್ಯೂಷನ್ ಪ್ಲೇಟ್. ಎಥನಾಲ್ ತೊಟ್ಟಿಕ್ಕುವ ಪ್ರಶ್ನೆಯೇ ಇಲ್ಲ, ಮೇಲಿನ ದ್ರವ ತೆಗೆಯುವ ಗೋಜಿಲ್ಲ, 96 ವೆಲ್‌ನ ಬೀಡ್‌ಗಳೂ ಒಟ್ಟಿಗೇ ಒಣಗುತ್ತವೆ. ಆ ನಾಲ್ಕು ಪ್ಲೇಟ್‌ಗಳನ್ನು ಮೊದಲೇ ಅಳತೆ ಮಾಡಿ ತುಂಬಿಡಬೇಕು, ಅಷ್ಟೇ. ತುಂಬುವುದು ಕೈಪಿಪೆಟ್‌ನಲ್ಲಿ, ಇಲ್ಲವೇ ಪಕ್ಕದ ಮೇಜಿನ ಮೇಲೆ ಗಾಳಿ ಎಳೆಯುತ್ತಾ ನಿಂತಿರುವ ಇನ್ನೊಂದು ರೋಬೋಟ್‌ನಲ್ಲಿ.